ಲಾಕ್‌ಡೌನ್‌ನಲ್ಲಿ ಮಾಳಿಗೆ ಮೇಲೆ ಸುತ್ತು ಹಾಕ್ತಿದ್ದವರು ಈಗ ಹೇಗಿದ್ದೀರಿ?

ಮಾಳಿಗೆ_ಮನುಷ್ಯ (ಕಲಬುರಗಿ)

ಒಂದು ವಿಚಿತ್ರ ಪ್ರಶ್ನೆ. ನಗಬೇಡಿ.

2020ರ ಮಾರ್ಚ್‌ಗೆ ಮುಂಚೆ ನಾನು ವ್ಯಾಯಾಮ ಅಂತ ಮಾಡಿದವನೇ ಅಲ್ಲ. ಬೈಕ್ ಹತ್ತಿದರೆ ಕಚೇರಿ, ಬೈಕ್ ಇಳಿದರೆ ಮನೆ. ಆಮೇಲೆ ದೇಶದ ಮೊದಲ ಕೋವಿಡ್ ಸಾವು ನಮ್ಮೂರಲ್ಲೇ ಆಯಿತು, ಮಾರ್ಚ್ 10ಕ್ಕೆ. ಎರಡು ದಿನ ಬಿಟ್ಟು ಅದು ಕೋವಿಡ್ಡೇ ಅಂತ ಗೊತ್ತಾದಾಗ ನಮ್ಮ ಓಣಿಯಲ್ಲಿ ಮಧ್ಯಾಹ್ನವೇ ಬಾಗಿಲುಗಳು ಬಿದ್ದವು. ದೇಶಕ್ಕೆ ಮಾರ್ಚ್ 25ರಿಂದ ಲಾಕ್‌ಡೌನ್. ನಮ್ಮ ಮನೆಯಲ್ಲಿ ಆ ಮಧ್ಯಾಹ್ನದಿಂದಲೇ.

ಕೂತು ಕೂತು ತಲೆ ಕೆಟ್ಟು ಒಂದು ದಿನ ಮಾಳಿಗೆ ಹತ್ತಿದೆ. ಶಹಾಬಾದ ಕಲ್ಲು ಹಾಸಿದ ಹಳೇ ಮಾಳಿಗೆ. ಏಪ್ರಿಲ್‌ನಲ್ಲಿ ಸಂಜೆ ಆರೂವರೆಗೂ ಕಾದ ಹಂಚಿನ ಹಾಗೆ ಇರುತ್ತದೆ, ಹಾಗಾಗಿ ಕತ್ತಲಾದ ಮೇಲೆಯೇ ನಡಿಗೆ. ಒಂದು ಸುತ್ತಿಗೆ 52 ಹೆಜ್ಜೆ. ಆ ಹೊತ್ತಿಗೆ ಫೋನ್ ಮಗಳ ಕೈಯಲ್ಲಿ, ಮೇಲೆ ಗಾಳಿಗೆ ಅವಳೂ ಬಂದು ಕೂರುತ್ತಿದ್ದಳು. ಎಣಿಸೋಕೆ ಕಟ್ಟೆಯ ಮೇಲೆ ಎರಡು ಬಟ್ಟಲು ಇಟ್ಟಿದ್ದೆ. ಒಂದರಲ್ಲಿ ನೂರು ತೊಗರಿ ಕಾಳು. ಸುತ್ತಿಗೊಂದು ಕಾಳು ಈ ಬಟ್ಟಲಿಂದ ಆ ಬಟ್ಟಲಿಗೆ. ನೂರು ಮುಗಿಯೋಕೆ ಒಂದು ತಾಸು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಕೆಳಗೆ ಇಳಿದಾಗ ಮೈ ಹಗುರ. ಆಗ ಯಾರಾದರೂ ಆರೋಗ್ಯ ಹೇಗಿದೆ ಅಂದಿದ್ದರೆ ಹತ್ತಕ್ಕೆ ಒಂಬತ್ತು ಅಂತಿದ್ದೆ.

ಈಗ ವಾರಕ್ಕೆ ಮೂರು ದಿನ ಜಿಮ್. ತಿಂಗಳಿಗೆ ದುಡ್ಡು ಕಟ್ಟುತ್ತೇನೆ. ಮೂರು ತಿಂಗಳ ಶುಗರ್ 2021ರಲ್ಲಿ 6.1 ಇತ್ತು, ಈಗ 5.9. ತೂಕ ಎರಡು ಕಿಲೋ ಇಳಿದಿದೆ. ಆದರೂ ಆರೋಗ್ಯ ಹೇಗಿದೆ ಅಂದರೆ ಬಾಯಿಗೆ ಬರೋದು ಐದು. ರಿಪೋರ್ಟ್ ಚೆನ್ನಾಗಿದೆ, ನಾನು ಚೆನ್ನಾಗಿಲ್ಲ. ಯಾಕೆ?

ಖಡಕ್_ರೊಟ್ಟಿ

ವಯಸ್ಸು ಅಣ್ಣಾ, ವಯಸ್ಸು.

ಮಾಳಿಗೆ_ಮನುಷ್ಯ

46 ರೀ. ಅಷ್ಟು ಬೇಗ ಹೂಳಬೇಡಿ.

ಲೆಕ್ಕದ_ಮೇಷ್ಟ್ರು (ಸೇಡಂ ರಸ್ತೆ)

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಆದರೆ ನೀವು ಎರಡು ಬೇರೆ ಅಳತೆಗೋಲು ಹಿಡಿದಿದ್ದೀರಿ. 2020ರಲ್ಲಿ ಪಕ್ಕದ ಮನೆಗೆ ಪಟ್ಟಿ ಕಟ್ಟಿದ್ದರು, ಟಿವಿಯಲ್ಲಿ ದಿನಾ ಸಾವಿನ ಸಂಖ್ಯೆ. ಅಂಥದ್ದರಲ್ಲಿ ಕೆಮ್ಮು ಇಲ್ಲದೆ ಎದ್ದರೆ ಸಾಕು, ಹತ್ತಕ್ಕೆ ಒಂಬತ್ತು. ಈಗ ಜಿಮ್‌ನಲ್ಲಿ ಇಪ್ಪತ್ತೆರಡರ ಹುಡುಗರ ನಡುವೆ ನಿಂತು ಕನ್ನಡಿ ನೋಡುತ್ತೀರಿ. ಅಲ್ಲಿ ಐದು ಸಿಕ್ಕಿದ್ದೇ ಜಾಸ್ತಿ.

ಅಂದಹಾಗೆ ‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ’ ಅನ್ನೋ ಒಂದೇ ಪ್ರಶ್ನೆಯನ್ನು ಸಂಶೋಧಕರು ದಶಕಗಳಿಂದ ಕೇಳುತ್ತಾ ಬಂದಿದ್ದಾರೆ. ಸುಮ್ನೆ ಅಲ್ಲ. ‘ಚೆನ್ನಾಗಿಲ್ಲ’ ಅಂದವರು ಮುಂದೆ ಬೇಗ ಸಾಯುವ ಸಾಧ್ಯತೆ ಜಾಸ್ತಿ ಅಂತ ದೇಶ ದೇಶದಲ್ಲಿ ಕಂಡುಬಂದಿದೆ, ರಕ್ತದ ರಿಪೋರ್ಟ್ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ.

ಇನ್ನೊಂದು. 5,200 ಹೆಜ್ಜೆಗೆ ಒಂದು ತಾಸು ಇಪ್ಪತ್ತು ನಿಮಿಷವೇ? ನಿಮಿಷಕ್ಕೆ 65 ಹೆಜ್ಜೆ ಆಯಿತು. ಎಮ್ಮೆ ಮೇಯಿಸುತ್ತಿದ್ದಿರಾ?

ಖಡಕ್_ರೊಟ್ಟಿ

ನೋಡ್ರಿ, ನಾನು ವಯಸ್ಸು ಅಂದೆ, ಮೇಷ್ಟ್ರು ನೇರ ಸಾವಿಗೇ ಹೋದರು 😂

ಮಾಳಿಗೆ_ಮನುಷ್ಯ

ನಾನು ನಿಧಾನದವನೇ ಮೇಷ್ಟ್ರೇ. ಹೆಂಡತಿಯೂ ಅದನ್ನೇ ಅಂತಾಳೆ.

ಜೀರಾ_ನೀರು (ಬೀದರ್)

ನನ್ನದು ಉಲ್ಟಾ ಕಥೆ. ನಾನು ಹದಿನೈದು ವರ್ಷದಿಂದ ಬೆಳಿಗ್ಗೆ ಬೀದರ್ ಕೋಟೆಯಲ್ಲಿ ನಡೆಯೋನು. 2020ರ ಮಾರ್ಚ್ 17ಕ್ಕೆ ಪುರಾತತ್ವ ಇಲಾಖೆಯ ಸ್ಮಾರಕಗಳನ್ನೆಲ್ಲ ಮುಚ್ಚಿಸಿದರು. ಮತ್ತೆ ತೆಗೆಯಲು ಅಪ್ಪಣೆ ಸಿಕ್ಕಿದ್ದು ಜುಲೈ 6ಕ್ಕೆ. ಆ ಮೂರೂವರೆ ತಿಂಗಳಲ್ಲಿ ಆರು ಕಿಲೋ ಏರಿದೆ. ನಾನು ಮನೆಯಲ್ಲಿ ನಡೆಯೋಕೆ ಆಗದ ಮನುಷ್ಯ. ಗುಂಬಜ್ ದರವಾಜಾ ದಾಟಿದರೆ ಕಾಲು ತಾನಾಗಿ ಓಡುತ್ತವೆ, ಹಾಲ್‌ನಲ್ಲಿ ಸೋಫಾ ಸುತ್ತ ಓಡಲ್ಲ. ಕೋಟೆ ತೆಗೆದ ಮೇಲೂ ಮೊದಲಿನ ಲಯ ಬರಲಿಲ್ಲ. ನಮ್ಮದು ಏಳು ಜನರ ಗುಂಪು ಇತ್ತು, ಮೂವರು ಮಾತ್ರ ವಾಪಸ್ ಬಂದರು. ಒಬ್ಬರು ಎರಡನೇ ಅಲೆಯಲ್ಲಿ ಹೋದರು. ಉಳಿದವರಿಗೆ ಬೆಳಿಗ್ಗೆ ಮಲಗೋ ರುಚಿ ಹತ್ತಿತು.

ಅಂದರೆ ನೀವು ಶುರು ಮಾಡಿದಿರಿ, ನಾವು ಬಿಟ್ಟೆವು.

ಹೊರಗಿನವ_ಆಗಿದ್ದೆ

ಜೀರಾ ಅವರೇ, ಅದು ಜಗತ್ತಿನ ಕಥೆ. ಆಗ ಒಂದು ಫೋನ್ ಆ್ಯಪ್‌ನ ಲೆಕ್ಕ ಹೊರಗೆ ಬಂದಿತ್ತು, 187 ದೇಶಗಳ ನಾಲ್ಕೂವರೆ ಲಕ್ಷ ಜನರದ್ದು. ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 11ಕ್ಕೆ ಮಹಾಮಾರಿ ಅಂತ ಘೋಷಿಸಿ ಒಂದು ತಿಂಗಳಾಗುವಷ್ಟರಲ್ಲಿ ದಿನದ ಹೆಜ್ಜೆ ಸರಾಸರಿ 27 ಶೇಕಡಾ ಇಳಿದಿತ್ತು. ಎಲ್ಲರನ್ನೂ ಮನೆಯೊಳಗೆ ಹಾಕಿದ ಇಟಲಿಯಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ. ಯಾರನ್ನೂ ಕೂಡಿಹಾಕದ ಸ್ವೀಡನ್‌ನಲ್ಲಿ ಬರೀ 7 ಶೇಕಡಾ. ನಾನು ಆಗ ಫ್ರಾನ್ಸ್‌ನಲ್ಲಿದ್ದೆ. ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ದಿನಕ್ಕೆ ಒಂದು ತಾಸು, ಅದೂ ಕಿಸೆಯಲ್ಲಿ ಚೀಟಿ ಇಟ್ಟುಕೊಂಡು ಓಡಬೇಕಿತ್ತು. ಹುಟ್ಟಿದಾಗಿಂದ ಓಡದವನು ಅಲ್ಲಿ ಓಡಿದೆ. ಬಿಡ್ತಾರೆ ಅಂದಾಗ ಹೊರಗೆ ಹೋಗಬೇಕು ಅನಿಸುತ್ತಿತ್ತು, ಅಷ್ಟೇ. ಚೀಟಿ ನಿಂತಿತು, ಓಟವೂ ನಿಂತಿತು.

ಖಡಕ್_ರೊಟ್ಟಿ

ಫ್ರಾನ್ಸ್‌ನಲ್ಲಿ ಚೀಟಿ, ನಮ್ಮಲ್ಲಿ ಲಾಠಿ. ವಾಕಿಂಗ್ ಅಂತ ಹೊರಟ ನಮ್ಮ ಕಾಕಾ ಓಡುತ್ತಾ ಬಂದರು. ಅದೇ ಅವರ ಮೊದಲ ಜಾಗಿಂಗ್.

ಐದು_ಹೊತ್ತು (ಕಲಬುರಗಿ)

ಲೆಕ್ಕಕ್ಕೆ ಬಾರದ ನಡಿಗೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಬ್ಬಾ ಎಂದೂ ವಾಕಿಂಗ್ ಅಂತ ಹೋದವರಲ್ಲ. ಆದರೆ ದಿನಕ್ಕೆ ಐದು ಸಲ ಮಸೀದಿಗೆ ಹೋಗಿ ಬರೋದು, ನಡುವೆ ಹಾಲು, ಸೊಪ್ಪು, ಯಾರದೋ ಅಂಗಡಿ ಕಟ್ಟೆ. ಮಸೀದಿ ಮುಚ್ಚಿದಾಗ ಅದಷ್ಟೂ ಒಂದೇ ದಿನದಲ್ಲಿ ನಿಂತಿತು. ರಮಜಾನ್ ಇಡೀ ಮನೆಯಲ್ಲೇ. ಈದ್ ಹೊತ್ತಿಗೆ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದರು. 71 ವಯಸ್ಸು. ಡಾಕ್ಟರು ಏನೂ ಕಾಯಿಲೆ ಇಲ್ಲ ಅಂದರು. ಮಸೀದಿ ತೆಗೆದ ಮೇಲೆ ಮೊದಲ ವಾರ ನಾನು ಜೊತೆಗೆ ಹೋದೆ, ದಾರಿಯಲ್ಲಿ ಎರಡು ಕಡೆ ಕೂತರು. ಮೂರನೇ ವಾರ ನನಗಿಂತ ಮುಂದೆ.

ಜೀರಾ_ನೀರು

ನಮ್ಮ ತಾಯಿಯದೂ ಅದೇ ರೀ, ಗುಡಿ ಅಂತ ಹಾಕಿಕೊಳ್ಳಿ.

ಅಡುಗೆಮನೆ_ರಜೆ_ಇಲ್ಲ (ಆಳಂದ)

ಇಷ್ಟು ಹೊತ್ತು ಸುಮ್ನೆ ಓದಿದೆ. ನೀವೆಲ್ಲ ಮಾಳಿಗೆ ಮೇಲೆ ಸುತ್ತು ಹಾಕುತ್ತಿದ್ದಾಗ ಕೆಳಗೆ ಯಾರಿದ್ದರು ಅಂತ ಯಾರಾದರೂ ಕೇಳಿದಿರಾ? ನಮ್ಮ ಮನೆಯಲ್ಲಿ ಆಗ ಒಂಬತ್ತು ಜನ. ಪುಣೆಯಿಂದ ಮೈದುನನ ಸಂಸಾರ ಬಂತು. ಹೊತ್ತಿಗೆ ಮೂವತ್ತು ರೊಟ್ಟಿ. ಮೇ ತಿಂಗಳ ಬಿಸಿಲು, ಮುಂದೆ ಒಲೆ. ನಾನು ಮೊದಲು ಬೆಳಿಗ್ಗೆ ಇಬ್ಬರು ಗೆಳತಿಯರ ಜೊತೆ ನಡೆಯುತ್ತಿದ್ದೆ, ನಲವತ್ತು ನಿಮಿಷ. ಅದು ನನಗೆ ವ್ಯಾಯಾಮ ಅಲ್ಲ, ಮನೆ ಬಿಟ್ಟು ಹೊರಗೆ ಇರುವ ನಲವತ್ತು ನಿಮಿಷ. ಲಾಕ್‌ಡೌನ್ ಅದನ್ನು ಕಿತ್ತುಕೊಂಡಿತು. ಗಂಡಸರಿಗೆ ಟೈಮ್ ಸಿಕ್ಕಿತು, ನಮ್ಮ ಟೈಮ್ ಹೋಯಿತು.

ಖಡಕ್_ರೊಟ್ಟಿ

ಅಕ್ಕಾ, ರೊಟ್ಟಿ ಬಡಿಯೋದೂ ವ್ಯಾಯಾಮವೇ ಅಲ್ವಾ? ತೋಳಿಗೆ ಅದಕ್ಕಿಂತ ಬೇಕಾ?

ಅಡುಗೆಮನೆ_ರಜೆ_ಇಲ್ಲ

ಹಾಗಿದ್ದರೆ ನಿಮ್ಮ ಹೆಸರಿಗೆ ತಕ್ಕ ಹಾಗೆ ನಾಳೆಯಿಂದ ನೀವೇ ಬಡಿಯಿರಿ. ಜಿಮ್ ದುಡ್ಡು ಉಳಿಯುತ್ತದೆ.

ಖಡಕ್_ರೊಟ್ಟಿ

ತಪ್ಪಾಯಿತು 🙏

ಫಿಜಿಯೋ_ಕಲಬುರಗಿ

ರೊಟ್ಟಿ ಪ್ರಶ್ನೆಗೆ ಗಂಭೀರವಾಗಿಯೇ ಉತ್ತರಿಸುತ್ತೇನೆ, ನನ್ನ ಹತ್ತಿರ ಬರುವ ಅರ್ಧ ಹೆಂಗಸರಿಗೆ ಮನೆಯವರು ಹೇಳಿ ಕಳಿಸುವುದು ಇದನ್ನೇ. ಮನೆಗೆಲಸವೂ ಚಲನೆ, ಲೆಕ್ಕಕ್ಕೆ ಬರುತ್ತದೆ. 2020ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಸೂಚನೆ ಬಂತು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ಕೆಲಸ. ಒಮ್ಮೆಗೆ ಹತ್ತು ನಿಮಿಷವಾದರೂ ಮಾಡಬೇಕು ಅನ್ನೋ ಹಳೇ ನಿಯಮ ಹೋಯಿತು. ನೀರು ಹೊತ್ತಿದ್ದು, ಮೆಟ್ಟಿಲು ಹತ್ತಿದ್ದು, ಎಲ್ಲ ಸೇರುತ್ತದೆ.

ಆದರೆ ‘ಮಧ್ಯಮ’ ಅಂದರೆ ಮಾತಾಡಬಹುದು, ಹಾಡಲು ಉಸಿರು ಸಾಲಬಾರದು. ರೊಟ್ಟಿ ಬಡಿಯುವಾಗ ನಮ್ಮ ಹೆಂಗಸರು ಹಾಡುತ್ತಾರೆ. ಮೈ ದಣಿಯುತ್ತದೆ, ಸೊಂಟ ಹಿಡಿಯುತ್ತದೆ, ಹೃದಯಕ್ಕೆ ಬೇಕಾದ ಕೆಲಸ ಮಾತ್ರ ಸಿಗುವುದಿಲ್ಲ. 2024ರಲ್ಲಿ ಬಂದ ಒಂದು ದೊಡ್ಡ ಅಂದಾಜಿನ ಪ್ರಕಾರ ಭಾರತದ ದೊಡ್ಡವರಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ಸಾಕಷ್ಟು ಚಟುವಟಿಕೆ ಇಲ್ಲ. ಗಂಡಸರು 42 ಶೇಕಡಾ, ಹೆಂಗಸರು 57. ದಿನವಿಡೀ ಕೂರದ ಹೆಂಗಸರೇ ‘ಸಾಲದು’ ಪಟ್ಟಿಯಲ್ಲಿ ಮುಂದೆ. ಇದನ್ನು ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ.

ಆಳಂದದ ಅಕ್ಕ, ಆ ನಲವತ್ತು ನಿಮಿಷ ವಾಪಸ್ ಸಿಕ್ಕಿತಾ?

ಅಡುಗೆಮನೆ_ರಜೆ_ಇಲ್ಲ

ಇಪ್ಪತ್ತು ಸಿಕ್ಕಿದೆ. ಜಗಳ ನಡೆದಿದೆ.

ಭೀಮಾ_ದಂಡೆ (ಯಾದಗಿರಿ)

ಹೆಜ್ಜೆ ಎಣಿಸೋ ವಿಷಯ ಬಂತಲ್ಲ. ನಮ್ಮ ಮಾವ ಮುಂಬೈಯಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದರು. 2020ರ ಮೇನಲ್ಲಿ ಸ್ವಲ್ಪ ಲಾರಿ, ಸ್ವಲ್ಪ ಟೆಂಪೋ, ಉಳಿದದ್ದು ಕಾಲು. ಸೊಲ್ಲಾಪುರದಿಂದ ಈಚೆ ಹೆಚ್ಚು ಕಡಿಮೆ ನಡೆದೇ ಬಂದರು. ಚಪ್ಪಲಿಯ ಹಿಮ್ಮಡಿ ಸವೆದು ಎರಡು ಕಡೆ ತೂತು ಬಿದ್ದಿತ್ತು, ಅದಕ್ಕೆ ಬಿಸ್ಕತ್ ಪೊಟ್ಟಣ ಮಡಚಿ ತುರುಕಿದ್ದರು. ಊರಿಗೆ ಬಂದ ಮೇಲೆ ಶಾಲೆಯಲ್ಲಿ ಹದಿನಾಲ್ಕು ದಿನ ಕ್ವಾರಂಟೈನ್. ಆಮೇಲೆ ನರೇಗಾದಲ್ಲಿ ಹೂಳು ಎತ್ತುವ ಕೆಲಸ, ದಿನಕ್ಕೆ 275 ರೂಪಾಯಿ.

ಮೇಷ್ಟ್ರ ಪ್ರಶ್ನೆ ಮೊನ್ನೆ ಅವರಿಗೇ ಕೇಳಿದೆ, ಆರೋಗ್ಯ ಹೇಗಿದೆ ಅಂತ. ‘ಕೆಲಸಕ್ಕೆ ಹೋಗೋ ಹಂಗ ಇದ್ದೀನಲ್ಲ’ ಅಂದರು. ಅವರ ಮಾರ್ಕು ಎರಡೇ, ಹೋಗೋ ಹಾಗೆ ಇರೋದು, ಇಲ್ಲದಿರೋದು.

ಲೆಕ್ಕದ_ಮೇಷ್ಟ್ರು

ಇದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ.

ಶಟರ್_ಎಳೆದವ (ಬೀದರ್)

ನಾನು ಜಿಮ್ ನಡೆಸುತ್ತಿದ್ದೆ. ‘ತ್ತಿದ್ದೆ’ ಗಮನಿಸಿ. ಮಾರ್ಚ್‌ನಲ್ಲಿ ಶಟರ್ ಎಳೆದೆ, ಆಗಸ್ಟ್ 5ಕ್ಕೆ ತೆಗೆಯಬಹುದು ಅಂದರು. ಅಷ್ಟರಲ್ಲಿ ಬೆಂಚಿನ ರೆಕ್ಸಿನ್ ಇಲಿ ಕಡಿದಿತ್ತು, ಸಾಲದ ಕಂತು ಮಾತ್ರ ಕಡಿಯಲಿಲ್ಲ. ತೆಗೆದ ಮೇಲೆ ಬಂದವರು ಇಬ್ಬಗೆ. ಹಳಬರು ಅರ್ಧಕ್ಕೂ ಕಡಿಮೆ. ಆದರೆ ಹೊಸಬರು ಬಂದರು, ಐವತ್ತರ ಮೇಲಿನವರು, ಹೆದರಿ. ‘ಶ್ವಾಸಕೋಶ ಗಟ್ಟಿ ಮಾಡಿಸು’ ಅನ್ನೋರು. ಡಂಬೆಲ್ ಎತ್ತಿದರೆ ಶ್ವಾಸಕೋಶಕ್ಕೆ ತೋಳು ಬರುತ್ತೆ ಅನ್ನೋ ಹಾಗೆ. 2021ರ ಏಪ್ರಿಲ್‌ನಲ್ಲಿ ಮತ್ತೆ ಎಳೆದೆ, ಆಮೇಲೆ ತೆಗೆಯಲಿಲ್ಲ. ಒಂದು ಟ್ರೆಡ್‌ಮಿಲ್ ಮನೆಗೆ ತಂದೆ. ಅದರ ಮೇಲೆ ನಮ್ಮ ಅವ್ವ ಶಾವಿಗೆ ಒಣಗಿಸುತ್ತಾಳೆ. ಉದ್ದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಖಡಕ್_ರೊಟ್ಟಿ

ಆನ್ ಮಾಡಿದರೆ ಶಾವಿಗೆ ತಾನೇ ಸಾಲಾಗಿ ಬಂದು ಡಬ್ಬಿಗೆ ಬೀಳುತ್ತಾ?

ಶಟರ್_ಎಳೆದವ

ಒಮ್ಮೆ ಅಣ್ಣನ ಮಗ ಆನ್ ಮಾಡಿದ. ಆ ದಿನ ಅವನಿಗೆ ಸಿಕ್ಕಿದ್ದು ಬೇರೆ ವ್ಯಾಯಾಮ.

ಎದೆ_ಬಡಿತ

ನನಗೆ 2021ರ ಮೇನಲ್ಲಿ ಕೋವಿಡ್ ಬಂತು. ಬದುಕಿದೆ. ಆದರೆ ಆ ಬೆರಳಿಗೆ ಹಾಕುವ ಆಕ್ಸಿಮೀಟರ್ ನನ್ನನ್ನು ಬಿಡಲಿಲ್ಲ. ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದೆ. ರಾತ್ರಿ ಎದ್ದು ನೋಡುತ್ತಿದ್ದೆ. ಒಮ್ಮೆ 88 ತೋರಿಸಿತು, ಮನೆಯೆಲ್ಲ ಎಬ್ಬಿಸಿದೆ, ನೋಡಿದರೆ ತಂಗಿಯ ಮದುವೆಗೆ ಹಾಕಿದ ಮೆಹಂದಿ ಬೆರಳು. ಬೇರೆ ಬೆರಳಿಗೆ ಹಾಕಿದರೆ 97.

ಕೋವಿಡ್‌ಗೆ ಮುಂಚೆ ಶಟಲ್ ಆಡುತ್ತಿದ್ದೆ. ವಾಸಿಯಾದ ಮೇಲೆ ‘ಜಡತ್ವ ಬಿಡು, ಒತ್ತಿ ಮಾಡು’ ಅಂತ ಎಲ್ಲರೂ ಹೇಳಿದರು. ಒಂದು ದಿನ ಅರ್ಧ ತಾಸು ಆಡಿದೆ, ಮುಂದಿನ ಮೂರು ದಿನ ಹಾಸಿಗೆ. ರಿಪೋರ್ಟ್ ಎಲ್ಲ ಸರಿ. ಮಾಳಿಗೆ ಅಣ್ಣ ಹೇಳಿದ ಮಾತು ನನಗೆ ಚೆನ್ನಾಗಿ ಗೊತ್ತು, ರಿಪೋರ್ಟ್ ಚೆನ್ನಾಗಿದೆ, ನಾನಿಲ್ಲ. ಕೇಳಿದವರು ನಾಟಕ ಅಂದುಕೊಂಡರು.

ಖಡಕ್_ರೊಟ್ಟಿ

ಒಗ್ಗಿಸಿಕೊಳ್ಳಬೇಕು ಅಕ್ಕಾ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಹೋಗಿ, ಮೈ ತಾನೇ ದಾರಿಗೆ ಬರುತ್ತೆ.

ಫಿಜಿಯೋ_ಕಲಬುರಗಿ

ರೊಟ್ಟಿ ಅಣ್ಣಾ, ಇದೊಂದು ವಿಷಯದಲ್ಲಿ ಸಲಹೆ ಕೊಡಬೇಡಿ. ದುಡಿದ ಮರುದಿನ ಅಥವಾ ಎರಡನೇ ದಿನ ಮೈ ಪೂರ್ತಿ ಕುಸಿಯುತ್ತಿದ್ದರೆ ಅದು ಸೋಮಾರಿತನ ಅಲ್ಲ. ಕೋವಿಡ್ ನಂತರ ಕೆಲವರಲ್ಲಿ ಹೀಗೆ ಉಳಿದಿದೆ. ಅಂಥವರು ದಿನಾ ಏರಿಸುತ್ತಾ ಹೋದರೆ ಕೆಡುತ್ತದೆ. ಕುಸಿಯುವ ಮಟ್ಟಕ್ಕಿಂತ ಕೆಳಗೇ ನಿಲ್ಲಬೇಕು, ಕೆಲಸದ ನಡುವೆ ಸುಸ್ತಾಗುವ ಮೊದಲೇ ಕೂರಬೇಕು. ಚೆನ್ನಾಗಿ ಅನಿಸಿದ ದಿನ ಎಲ್ಲ ಬಾಕಿ ತೀರಿಸಲು ಹೋಗಬಾರದು. ಎದೆನೋವು, ಉಸಿರು ಕಟ್ಟುವುದು ಇದ್ದರೆ ಡಾಕ್ಟರಿಗೇ ತೋರಿಸಿ, ಇಲ್ಲಿ ಕೇಳಬೇಡಿ.

ಎದೆ_ಬಡಿತ

ಈಗ ಪರವಾಗಿಲ್ಲ. ಡಬಲ್ಸ್ ಆಡುತ್ತೇನೆ, ಹಿಂದೆ ನಿಂತು. ಆಕ್ಸಿಮೀಟರ್ ಸೆಲ್ ತೆಗೆದು ಗಡಿಯಾರಕ್ಕೆ ಹಾಕಿದೆ.

ಜೀರಾ_ನೀರು

ಅದೇ ಒಳ್ಳೆಯ ಚಿಕಿತ್ಸೆ. ಇಷ್ಟೆಲ್ಲ ಬೇಡ, ಎಲ್ಲರೂ ಬೀದರ್‌ಗೆ ಬನ್ನಿ. ಎತ್ತರದ ಊರು, ನಿಮ್ಮ ಕಲಬುರಗಿಗಿಂತ ಮೇಲೆ, ಬೆಳಿಗ್ಗೆ ತಂಪು ಗಾಳಿ.

ಮಾಳಿಗೆ_ಮನುಷ್ಯ

ಬಂತು ನೋಡಿ. ಬೀದರ್‌ನವರು ಯಾವ ಚರ್ಚೆಯಲ್ಲೂ ಗಾಳಿ ಬಿಡದೆ ಹೋಗಲ್ಲ.

ಐದು_ಹೊತ್ತು

ನಮ್ಮಲ್ಲಿ ಅಪ್ಪನ ಕೆರೆ ಇದೆ, ಸಾಕು.

ಫಿಜಿಯೋ_ಕಲಬುರಗಿ

ಮಾಳಿಗೆ ಅವರೇ, ಒಂದು ಕೇಳಬೇಕಿತ್ತು. ಸುತ್ತು ಯಾವಾಗಲೂ ಒಂದೇ ಕಡೆಗೆ ಹಾಕುತ್ತಿದ್ದಿರಾ? ಆಗ ನನ್ನ ಹತ್ತಿರ ಒಂದೇ ಮೊಣಕಾಲು ಹಿಡಿದುಕೊಂಡು ಬಂದವರು ಬಹಳ. ಸಣ್ಣ ಜಾಗದಲ್ಲಿ ದಿನಾ ಒಂದೇ ದಿಕ್ಕಿಗೆ ತಿರುಗಿದರೆ ಒಳಗಿನ ಕಾಲಿಗೆ ಬೇರೆ ಒತ್ತಡ.

ಮಾಳಿಗೆ_ಮನುಷ್ಯ

ಹೌದು! ಬಲಮೊಣಕಾಲು! ಎಡಕ್ಕೆ ತಿರುಗಿದರೆ ಅಪ್ರದಕ್ಷಿಣೆ ಆಗುತ್ತೆ ಅಂತ ಅವ್ವ ಬಿಡುತ್ತಿರಲಿಲ್ಲ. ಮಾಳಿಗೆ ನಡುವೆ ನೀರಿನ ಟ್ಯಾಂಕ್ ಇತ್ತು ರೀ, ದೇವರಲ್ಲ.

ಲೆಕ್ಕದ_ಮೇಷ್ಟ್ರು

ಆ ಬೇಸಿಗೆಯಲ್ಲಿ ನೀರಿನ ಟ್ಯಾಂಕೇ ದೇವರು.

ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಹೋಲಿಕೆಯದ್ದೇ ಕಾರಣ ಅಂದಿದ್ದೆ, ಪೂರ್ತಿ ಸರಿ ಅಲ್ಲ ಅನಿಸುತ್ತಿದೆ. ಆಗ ನಿಮಗೆ ನಿದ್ದೆ ಎಷ್ಟಿತ್ತು? ಊಟ ಎಷ್ಟೊತ್ತಿಗೆ? ಜಿಮ್‌ನಲ್ಲಿ ಮೂರು ತಾಸು ದುಡಿದರೂ ವಾರದ ಉಳಿದ 165 ತಾಸು ಎಲ್ಲಿ ಹೋಗುತ್ತವೆ?

ಮಾಳಿಗೆ_ಮನುಷ್ಯ

ಆಗ ಹತ್ತಕ್ಕೆ ನಿದ್ದೆ, ಎಂಟಕ್ಕೆ ಎಲ್ಲರೂ ಕೂತು ಊಟ. ಈಗ ಕಚೇರಿಯಿಂದ ಬರೋದೇ ಎಂಟು, ಜಿಮ್‌ನಿಂದ ಒಂಬತ್ತೂವರೆ, ಊಟಕ್ಕೆ ಒಬ್ಬನೇ. ಮಲಗೋದು ಹನ್ನೆರಡು. ಬರೆದ ಮೇಲೆ ನನಗೇ ಕಾಣುತ್ತಿದೆ.

ಅಡುಗೆಮನೆ_ರಜೆ_ಇಲ್ಲ

ಒಂಬತ್ತೂವರೆಗೆ ಊಟ ಬಿಸಿ ಮಾಡಿ ಕೊಡೋರು ಯಾರು? ಅವರನ್ನೂ ಕೇಳಿ, ಹತ್ತಕ್ಕೆ ಎಷ್ಟು ಅಂತ.

ಮಾಳಿಗೆ_ಮನುಷ್ಯ

ಕೇಳಿದೆ. ‘ನಾಲ್ಕು’ ಅಂದಳು. ಕಾರಣ ಕೇಳುವ ಧೈರ್ಯ ಆಗಲಿಲ್ಲ. ಇವತ್ತು ತಟ್ಟೆ ನಾನೇ ತೊಳೆದೆ.

(ಮರುದಿನ)

ಮಾಳಿಗೆ_ಮನುಷ್ಯ

ಮೇಷ್ಟ್ರೇ, ನಿಮ್ಮ ಎಮ್ಮೆ ಲೆಕ್ಕಕ್ಕೆ ಉತ್ತರ ಸಿಕ್ಕಿತು. ರಾತ್ರಿ ಮಗಳಿಗೆ ಈ ಚರ್ಚೆ ತೋರಿಸಿದೆ. ಈಗ ಪಿಯುಸಿ ಓದುತ್ತಿದ್ದಾಳೆ. ಬಟ್ಟಲಿನ ವಿಷಯ ಬಂದ ಕೂಡಲೇ ಮುಖ ಆ ಕಡೆ ತಿರುಗಿಸಿ ನಗಲು ಶುರು ಮಾಡಿದಳು. ನನ್ನ ನಡಿಗೆ ಮುಗಿದರೆ ಫೋನ್ ವಾಪಸ್ ಕೊಡಬೇಕಿತ್ತು, ಅದೇ ಕರಾರು. ಹಾಗಾಗಿ ನಾನು ಟ್ಯಾಂಕಿನ ಹಿಂದೆ ಹೋದಾಗ ಆಗೊಮ್ಮೆ ಈಗೊಮ್ಮೆ ತುಂಬಿದ ಬಟ್ಟಲಿನಿಂದ ಎರಡು ಮೂರು ಕಾಳು ಮೊದಲಿನ ಬಟ್ಟಲಿಗೆ ಹಾಕುತ್ತಿದ್ದಳಂತೆ. ವರ್ಷ ಪೂರ್ತಿ.

ಲೆಕ್ಕದ_ಮೇಷ್ಟ್ರು

ಹಾಗಾದರೆ ಮಾಮೂಲಿ ನಡಿಗೆ, ನಿಮಿಷಕ್ಕೆ ನೂರು ಹೆಜ್ಜೆ ಹಿಡಿದರೂ ದಿನಕ್ಕೆ ಎಂಟು ಸಾವಿರ. ನೀವು ನಿಧಾನದವರಲ್ಲ. ಎಮ್ಮೆ ಮಾತು ವಾಪಸ್ ತೆಗೆದುಕೊಂಡೆ.

ಖಡಕ್_ರೊಟ್ಟಿ

ಅಣ್ಣಾ, ಜಿಮ್ ಬಿಡಿ. ಸಂಜೆ ಬೇಗ ಬನ್ನಿ, ಮಗಳ ಕೈಗೆ ಫೋನ್ ಕೊಟ್ಟು ಮಾಳಿಗೆ ಹತ್ತಿ.

ಮಾಳಿಗೆ_ಮನುಷ್ಯ

ಅವಳಿಗೆ ಈಗ ಸ್ವಂತ ಫೋನ್ ಇದೆ ರೀ. ಕಾಳು ತಿರುಗಿ ಹಾಕೋರು ಯಾರೂ ಇಲ್ಲ.